ಆರೋಗ್ಯ ವಿಮೆ: ಓದಿ ಆರಿಸೋಣ
(ಬಾರ್ಕೂರಿನಲ್ಲಿ ನವಸಾಕ್ಷರ ಮಹಿಳೆಯರ ಸಭೆಯಲ್ಲಿ ಮಾಡಿದ ಭಾಷಣ)

ಅಕ್ಕಂದಿರೇ, ತಂಗಿಯರೇ, ಹಿರಿಯ ಅಮ್ಮಂದಿರೇ,

ಬೀಡಿ ಕಟ್ಟುವುದು ಬಿಟ್ಟು, ದನದ ಕೆಲಸ ಮುಗಿಸಿ ಬಂದಿದ್ದೀರಿ. ನಿಮ್ಮ ಹೊತ್ತು ಹಾಳು ಮಾಡುವುದಿಲ್ಲ. ಇವತ್ತು ಆರೋಗ್ಯ ವಿಮೆಯ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

ನಮ್ಮ ಊರಿನಲ್ಲಿ ಮಳೆಗಾಲಕ್ಕೆ ಮುಂಚೆ ಏನೇನು ಮಾಡುತ್ತೇವೆ? ಕಟ್ಟಿಗೆ ಒಳಗೆ ಇಡುತ್ತೇವೆ. ಒಣಮೀನು, ಹಪ್ಪಳ ಕಟ್ಟಿಡುತ್ತೇವೆ. ಮಾಡಿನ ಒಡೆದ ಹಂಚು ಬದಲಾಯಿಸುತ್ತೇವೆ. ಮಳೆ ಸುರಿಯುವಾಗ ಮಾಡು ಹತ್ತಲು ಆಗುತ್ತದೆಯೇ? ಇಲ್ಲ. ವಿಮೆಯೂ ಹಾಗೆಯೇ. ಕಾಯಿಲೆ ಬರುವ ಮುಂಚೆ ಮಾಡಿಸಬೇಕು. ಕಾಯಿಲೆ ಬಂದ ಮೇಲೆ ಓಡಿದರೆ, "ಈ ವರ್ಷದ ನೋಂದಣಿ ಮುಗಿಯಿತು, ಮುಂದಿನ ವರ್ಷ ಬನ್ನಿ" ಅನ್ನುತ್ತಾರೆ.

ವಿಮೆ ಅಂದರೆ ಏನು?

ಸಾವಿರ ಮನೆಯವರು ಸ್ವಲ್ಪ ಸ್ವಲ್ಪ ಹಣ ಒಂದು ಕಡೆ ಹಾಕುತ್ತಾರೆ. ಅದಕ್ಕೆ ಕಂತು ಅನ್ನುತ್ತಾರೆ. ಆ ವರ್ಷ ಕೆಲವು ಮನೆಗೆ ಮಾತ್ರ ದೊಡ್ಡ ಕಾಯಿಲೆ ಬರುತ್ತದೆ. ಆ ಮನೆಯ ಆಸ್ಪತ್ರೆ ಖರ್ಚಿಗೆ ಆ ಹಣ ಹೋಗುತ್ತದೆ. ಕಾಯಿಲೆ ಬಾರದ ಮನೆಗೆ ಹಣ ವಾಪಸ್ ಬರುವುದಿಲ್ಲ. ಇದು ಸಂಘದ ಉಳಿತಾಯದ ಹಾಗೆ ಅಲ್ಲ.

ಕೆಲವರು ಕೇಳುತ್ತಾರೆ: "ಹ್ವಾಯ್, ನಂಗೆಂತಾ ಆತ್ತಿಲ್ಲೆ. ದುಡ್ಡ್ ಸುಮ್ನೆ ಹೋತ್ತ್ ಅಲ್ದಾ?"

ಹೋಗಲಿ ಅಕ್ಕಾ, ಹೋದರೆ ಒಳ್ಳೆಯದೇ. ನೀವು ಆ ವರ್ಷ ಆಸ್ಪತ್ರೆಗೆ ಸೇರಲಿಲ್ಲ ಅಂತ ಅದರ ಅರ್ಥ. ಆದರೆ ಒಂದು ದಿನ ಗಂಡ ತೆಂಗಿನ ಮರದಿಂದ ಬಿದ್ದರೆ? ಅತ್ತೆಯ ಎದೆ ಹಿಡಿದರೆ? ಆಗ ಮೊದಲು ಹೋಗುವುದು ನಮ್ಮ ಕುತ್ತಿಗೆಯ ಸರ. ಆಮೇಲೆ ದನ. ಆಮೇಲೆ ಸಾಲ. ಮಗಳ ಕಾಲೇಜು ಅಲ್ಲಿಗೆ ನಿಲ್ಲುತ್ತದೆ. ಒಬ್ಬರ ಕಾಯಿಲೆ ಇಡೀ ಮನೆಯನ್ನು ಹತ್ತು ವರ್ಷ ಹಿಂದಕ್ಕೆ ತಳ್ಳುತ್ತದೆ.

ನಮಗೆ ಯಾವ ಯಾವ ದಾರಿ ಇದೆ?

ಒಂದೊಂದಾಗಿ ನೋಡೋಣ.

ಮೊದಲನೆಯದು ಆಯುಷ್ಮಾನ್ ಕಾರ್ಡು. ಕರ್ನಾಟಕದಲ್ಲಿ ಇದು 2018ರಿಂದ ಇದೆ. ಬಿಪಿಎಲ್ ರೇಷನ್ ಕಾರ್ಡು ಇರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆ. ಕಂತು ಕಟ್ಟಬೇಕಾಗಿಲ್ಲ. ಎಪಿಎಲ್ ಕಾರ್ಡಿನವರಿಗೆ ಸರ್ಕಾರ ಗೊತ್ತು ಮಾಡಿದ ದರದಲ್ಲಿ ನೂರಕ್ಕೆ 30 ರೂಪಾಯಿ ಸರ್ಕಾರ ಕೊಡುತ್ತದೆ. ಅದೂ ವರ್ಷಕ್ಕೆ ಒಂದೂವರೆ ಲಕ್ಷದ ತನಕ. ಉಳಿದ 70 ರೂಪಾಯಿ ನಾವೇ ಕೊಡಬೇಕು.

ಇದರಲ್ಲಿ ಒಂದು ಕ್ರಮ ಇದೆ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದ ಚಿಕಿತ್ಸೆಗೆ ಡಾಕ್ಟರು ಚೀಟಿ ಬರೆದು ಕೊಡುತ್ತಾರೆ. ಆ ಚೀಟಿ ಹಿಡಿದು ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಗೆ ಹೋಗಬಹುದು. ಜೀವಕ್ಕೆ ಅಪಾಯ ಇರುವ ತುರ್ತು ಸಮಯದಲ್ಲಿ ಚೀಟಿ ಬೇಕಾಗಿಲ್ಲ. ನೇರ ಹೋಗಿ. ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಅಂತ ಒಬ್ಬರು ಇರುತ್ತಾರೆ. ಅವರನ್ನು ಕೇಳಿ.

ಎರಡನೆಯದು ಯಶಸ್ವಿನಿ. ಇದು ಸಹಕಾರಿ ಸಂಘದ ಸದಸ್ಯರ ಯೋಜನೆ. ಇದರ ಹಿಂದೆ ಹೃದಯ ತಜ್ಞ ಡಾಕ್ಟರ್ ದೇವಿ ಶೆಟ್ಟಿಯವರ ಯೋಚನೆ ಇತ್ತು. ಅವರು ನಮ್ಮ ಕರಾವಳಿಯ ಕಿನ್ನಿಗೋಳಿಯವರೇ. 2003ರಲ್ಲಿ ಶುರುವಾದಾಗ ಒಬ್ಬರಿಗೆ ತಿಂಗಳಿಗೆ 5 ರೂಪಾಯಿ, ವರ್ಷಕ್ಕೆ 60 ರೂಪಾಯಿ ಕಂತು. 2018ರಲ್ಲಿ ಯೋಜನೆ ನಿಂತಿತು. 2022ರ ನವೆಂಬರದಲ್ಲಿ ಮತ್ತೆ ನೋಂದಣಿ ಆರಂಭವಾಯಿತು. ಆಗ ಹಳ್ಳಿಯ ಕುಟುಂಬದ ನಾಲ್ಕು ಜನಕ್ಕೆ ವರ್ಷಕ್ಕೆ 500 ರೂಪಾಯಿ ಎಂದು ಗೊತ್ತುಮಾಡಿದರು. ನಾಲ್ಕಕ್ಕಿಂತ ಹೆಚ್ಚು ಜನ ಇದ್ದರೆ ಒಬ್ಬೊಬ್ಬರಿಗೆ 100 ರೂಪಾಯಿ ಹೆಚ್ಚು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರ ಕಂತನ್ನು ಸರ್ಕಾರವೇ ಕಟ್ಟುತ್ತದೆ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಚಿಕಿತ್ಸೆ.

ನಿಮ್ಮಲ್ಲಿ ಹಲವರು ಡೈರಿಗೆ ಹಾಲು ಹಾಕುತ್ತೀರಿ. ಕೆಲವರ ಮನೆಯವರು ವ್ಯವಸಾಯ ಸೇವಾ ಸಹಕಾರಿ ಸಂಘದಲ್ಲಿ ಇದ್ದಾರೆ. ಮೀನುಗಾರರ ಸಹಕಾರಿ ಸಂಘವೂ ಇದೆ. ನೋಂದಣಿ ಅಲ್ಲಿಯೇ ಆಗುವುದು. ಶುರು ಯಾವಾಗ, ಕೊನೆಯ ದಿನ ಯಾವುದು ಅಂತ ಸರ್ಕಾರ ಪ್ರತಿ ಸಲ ತಿಳಿಸುತ್ತದೆ. ಸಂಘದ ಗೋಡೆಯಲ್ಲಿ ಕಾಗದ ಅಂಟಿಸುತ್ತಾರೆ. ಮುಂಚೆ ನಾವು ಆ ಕಾಗದದ ಮುಂದೆ ಹಾದು ಹೋಗುತ್ತಿದ್ದೆವು. ಈಗ ನಿಂತು ಓದಿ. ಈ ವರ್ಷದ ಕಂತು ಎಷ್ಟು, ಕೊನೆಯ ದಿನ ಯಾವುದು, ಎರಡನ್ನೂ ಬರೆದುಕೊಳ್ಳಿ.

ಮೂರನೆಯದು ಇಎಸ್‌ಐ. ಗೇರುಬೀಜದ ಕಾರ್ಖಾನೆ, ಹಂಚಿನ ಕಾರ್ಖಾನೆಗೆ ಹೋಗುವವರು ಕೇಳಿ. ಹತ್ತು ಜನ ಅಥವಾ ಹೆಚ್ಚು ಜನ ದುಡಿಯುವ ಕಾರ್ಖಾನೆಯಲ್ಲಿ ಇದು ಇರಬೇಕು. ಸಂಬಳ 10,000 ರೂಪಾಯಿ ಆದರೆ ನಿಮ್ಮಿಂದ 75 ರೂಪಾಯಿ ಹಿಡಿಯುತ್ತಾರೆ. ಮಾಲೀಕರು 325 ರೂಪಾಯಿ ಹಾಕಬೇಕು. ಇದರಲ್ಲಿ ದಿನದ ಮದ್ದೂ ಸಿಗುತ್ತದೆ. ಹೆರಿಗೆ ರಜೆಯ ಸಂಬಳವೂ ಇದೆ. ನಿಮ್ಮ ಸಂಬಳದಿಂದ ಹಣ ಹಿಡಿದರೆ ಇಎಸ್‌ಐ ನಂಬರು ಕೇಳಿ ಪಡೆಯಿರಿ. ಅದು ನಿಮ್ಮ ಹಕ್ಕು.

ನಾಲ್ಕನೆಯದು ಸ್ವಸಹಾಯ ಸಂಘಗಳ ಮೂಲಕ ಬರುವ ವಿಮೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯು 2004ರಲ್ಲಿ ಸಂಪೂರ್ಣ ಸುರಕ್ಷಾ ಎಂಬ ವಿಮೆ ಶುರು ಮಾಡಿತು. ನಿಮ್ಮ ಸಂಘದಲ್ಲಿ ಇಂಥದ್ದು ಇದ್ದರೆ, ಎಷ್ಟು ಹಣದ ತನಕ ಕೊಡುತ್ತಾರೆ ಅಂತ ಮೊದಲೇ ಕೇಳಿ.

ವಿಮೆಯ ಹಾಗೆ ಕಾಣುವುದೆಲ್ಲ ಒಂದೇ ಅಲ್ಲ

ಇಲ್ಲಿ ತುಂಬ ಜನ ತಪ್ಪು ತಿಳಿಯುತ್ತಾರೆ.

ಮಣಿಪಾಲ ಆರೋಗ್ಯ ಕಾರ್ಡು ನಮ್ಮ ಜಿಲ್ಲೆಯ ಬಹಳ ಮನೆಗಳಲ್ಲಿ ಇದೆ. ಅದು ರಿಯಾಯಿತಿ ಕಾರ್ಡು. ಡಾಕ್ಟರ ಫೀಸು, ಪರೀಕ್ಷೆಯ ಖರ್ಚು ಕಡಿಮೆಯಾಗುತ್ತದೆ. ಪದೇ ಪದೇ ಡಾಕ್ಟರಿಗೆ ತೋರಿಸುವವರಿಗೆ ಅದು ಉಪಯೋಗ. ಆದರೆ ಅದು ಪೂರಾ ಬಿಲ್ಲು ಕಟ್ಟುವ ವಿಮೆ ಅಲ್ಲ.

ಬ್ಯಾಂಕ್ ಮತ್ತು ಅಂಚೆ ಕಚೇರಿಯಲ್ಲಿ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಇದೆ. ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಡಿಯುತ್ತಾರೆ. ಅಪಘಾತದಲ್ಲಿ ಸತ್ತರೆ ಮನೆಯವರಿಗೆ 2 ಲಕ್ಷ ಸಿಗುತ್ತದೆ. ಅಪಘಾತದಲ್ಲಿ ಎರಡು ಕಣ್ಣು, ಎರಡು ಕೈ ಹೋದರೂ ಸಿಗುತ್ತದೆ. ಮಾಡಿಸಿ, ಒಳ್ಳೆಯದು. ಆದರೆ ಜ್ವರಕ್ಕೆ, ಹೃದಯದ ಆಪರೇಷನ್‌ಗೆ ಅದರಿಂದ ಒಂದು ಪೈಸೆಯೂ ಬರುವುದಿಲ್ಲ.

ಹೇಗೆ ಆರಿಸುವುದು?

ಬಿಪಿಎಲ್ ಕಾರ್ಡು ಇದೆಯೇ? ಹಾಗಾದರೆ ಮೊದಲು ಆಯುಷ್ಮಾನ್ ಕಾರ್ಡು ಮಾಡಿಸಿ. ಕಂತು ಇಲ್ಲ. ಕೊನೆಯ ದಿನದ ಗಡಿಬಿಡಿ ಇಲ್ಲ. ಆಧಾರ್, ರೇಷನ್ ಕಾರ್ಡು ತೆಗೆದುಕೊಂಡು ಗ್ರಾಮ ಒನ್ ಕೇಂದ್ರಕ್ಕೆ ಹೋಗಿ.

ಎಪಿಎಲ್ ಕಾರ್ಡೇ? ಲೆಕ್ಕ ಮಾಡಿ. ಒಂದು ಆಪರೇಷನ್‌ಗೆ ಸರ್ಕಾರದ ದರ 40,000 ರೂಪಾಯಿ ಎಂದಿಟ್ಟುಕೊಳ್ಳಿ. ಸರ್ಕಾರ 12,000 ಕೊಡುತ್ತದೆ. ನಮ್ಮ ಕೈಯಿಂದ 28,000 ಹೋಗುತ್ತದೆ. ಇಂಥ ಮನೆಯವರಿಗೆ ಯಶಸ್ವಿನಿ ಬೇಕೇ ಬೇಕು. ನಾಲ್ಕು ಜನಕ್ಕೆ 500 ಅಂದರೆ ತಿಂಗಳಿಗೆ 42 ರೂಪಾಯಿಯೂ ಆಗುವುದಿಲ್ಲ.

ಯಾವುದೇ ವಿಮೆಗೆ ಹಣ ಕೊಡುವ ಮುಂಚೆ ಐದು ಪ್ರಶ್ನೆ ಕೇಳಿ:

1. ಮನೆಯ ಯಾರ ಯಾರ ಹೆಸರು ಸೇರುತ್ತದೆ?
2. ಯಾವ ಆಸ್ಪತ್ರೆಗೆ ಹೋಗಬಹುದು? ಉಡುಪಿ, ಮಣಿಪಾಲ, ಕುಂದಾಪುರದಲ್ಲಿ ಯಾವುದು ಇದೆ?
3. ಯಾವ ಕಾಯಿಲೆಗೆ ಸಿಗುತ್ತದೆ? ಯಾವುದಕ್ಕೆ ಸಿಗುವುದಿಲ್ಲ?
4. ಆಸ್ಪತ್ರೆಯೇ ಬಿಲ್ಲು ಬಿಡುತ್ತದೆಯೋ, ನಾವು ಮೊದಲು ಕಟ್ಟಿ ಆಮೇಲೆ ಪಡೆಯಬೇಕೋ?
5. ಯಾವ ದಿನದಿಂದ ಯಾವ ದಿನದ ತನಕ?

ಹೀಗೆ ಕುಳಿತು ಆರಿಸುವುದು ನಮ್ಮೂರಿನ ಕಷ್ಟ ಮಾತ್ರ ಅಲ್ಲ. ಅಮೆರಿಕದ ಅಂಚೆ ನೌಕರರಿಗೆ 2025ರ ಜನವರಿಯಿಂದ ಬೇರೆಯೇ ಆರೋಗ್ಯ ವಿಮಾ ಯೋಜನೆ ಬಂತು. ಅವರಿಗೂ ವರ್ಷಕ್ಕೆ ಕೆಲವೇ ವಾರ ಸಮಯ. ನವೆಂಬರ್, ಡಿಸೆಂಬರದಲ್ಲಿ ಅವರೂ ಕಾಗದ ಹರಡಿಕೊಂಡು ಲೆಕ್ಕ ಹಾಕುತ್ತಾರೆ. ಓದು ಬಂದವರಿಗೂ ಇದು ಸುಲಭ ಅಲ್ಲ. ಆದ್ದರಿಂದ ಕೇಳಲು ನಾಚಿಕೆ ಬೇಡ.

ನಮ್ಮ ಹೆಸರು ಎಲ್ಲಿ?

ಅಕ್ಕಂದಿರೇ, ಈ ಮಾತು ಬಹಳ ಮುಖ್ಯ. ಆರು ಜನರ ಮನೆ ಇದೆ ಎಂದಿಟ್ಟುಕೊಳ್ಳಿ. ನೋಂದಣಿಗೆ ಹಣ ಸಾಲುವುದಿಲ್ಲ. ಆಗ ಯಾರ ಹೆಸರು ಬಿಡುತ್ತಾರೆ? ದುಡಿಯುವ ಗಂಡಸಿನ ಹೆಸರು ಬಿಡುವುದಿಲ್ಲ. ಮಗನ ಹೆಸರು ಬಿಡುವುದಿಲ್ಲ. "ನನ್ನದು ಇರಲಿ ಬಿಡಿ" ಅಂತ ಹೇಳುವವಳು ತಾಯಿ. ಅಥವಾ ಮುದುಕಿ ಅತ್ತೆ. ಹೊಟ್ಟೆನೋವು, ಬಿಳಿ ಸೆರಗು, ರಕ್ತ ಕಡಿಮೆ, ಎಲ್ಲವನ್ನೂ ಮುಚ್ಚಿಟ್ಟು ಗದ್ದೆಗೆ ಇಳಿಯುವವರು ನಾವು. ಕೊನೆಗೆ ನಾವು ಮಲಗಿದರೆ ಮನೆಯ ಒಲೆ ಉರಿಯುವುದಿಲ್ಲ. ನಿಮ್ಮ ಹೆಸರು ಬರೆಸಿ. ಬರೆದದ್ದನ್ನು ನೀವೇ ಓದಿ ನೋಡಿ.

ಇನ್ನೊಂದು ಎಚ್ಚರ. ಕಾರ್ಡು ಇದೆ ಅಂತ ಬೇಡದ ಆಪರೇಷನ್ ಮಾಡಿಸಬೇಡಿ. 2012ರಲ್ಲಿ ಛತ್ತೀಸಗಢದಲ್ಲಿ ವಿಮೆಯ ಹಣಕ್ಕಾಗಿ ಬಡ ಹೆಂಗಸರ ಗರ್ಭಕೋಶ ತೆಗೆದ ಸುದ್ದಿ ದೇಶಕ್ಕೆಲ್ಲ ಗೊತ್ತಾಯಿತು. ಗರ್ಭಕೋಶ ತೆಗೆಯಬೇಕು ಅಂದರೆ ಕೂಡಲೇ ಒಪ್ಪಬೇಡಿ. ಸರ್ಕಾರಿ ಆಸ್ಪತ್ರೆಯ ಇನ್ನೊಬ್ಬ ಡಾಕ್ಟರನ್ನು ಕೇಳಿ. ಮದ್ದಿನಲ್ಲಿ ಗುಣವಾಗುತ್ತದೆಯೇ ಅಂತ ಕೇಳಿ.

ಕಾಗದ ಜೋಪಾನ

ಆಧಾರ್‌ನಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು ಹೆಸರು ಇದ್ದರೆ ತೊಂದರೆ. ಈಗಲೇ ಸರಿ ಮಾಡಿಸಿ. ಹಣ ಕಟ್ಟಿದರೆ ರಶೀದಿ ತೆಗೆದುಕೊಳ್ಳಿ. ರಶೀದಿಯಲ್ಲಿ ಹಣ, ತಾರೀಕು, ಎಲ್ಲರ ಹೆಸರು ಇದೆಯೇ ನೋಡಿ. ಫೋನಿಗೆ ಬರುವ ನಂಬರನ್ನು ಗುರುತಿಲ್ಲದವರಿಗೆ ಹೇಳಬೇಡಿ. ಕಾರ್ಡುಗಳನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ. ಮಳೆಗೆ ನೆನೆಯದ ಕಡೆ ಇಡಿ. ಎಲ್ಲಿದೆ ಅಂತ ಮನೆಯ ಮಕ್ಕಳಿಗೂ ಗೊತ್ತಿರಲಿ. ಸಂಶಯ ಇದ್ದರೆ 104ಕ್ಕೆ ಫೋನು ಮಾಡಿ ಕೇಳಬಹುದು. ಆಂಬುಲೆನ್ಸ್‌ಗೆ 108.

ತಂಗಿಯರೇ, ಹೆಬ್ಬೆಟ್ಟು ಒತ್ತುವ ಕಾಲ ಮುಗಿಯಿತು. ಯಾರೋ ತೋರಿಸಿದ ಕಡೆ ಸಹಿ ಹಾಕುವುದೂ ಹೆಬ್ಬೆಟ್ಟು ಒತ್ತಿದ ಹಾಗೆಯೇ. ಓದಿ, ಕೇಳಿ, ಲೆಕ್ಕ ಹಾಕಿ, ಆಮೇಲೆ ಸಹಿ ಹಾಕಿ. ಓದಲು ಬಾರದ ಪಕ್ಕದ ಮನೆಯವರಿಗೂ ಓದಿ ಹೇಳಿ.

ಲೆಕ್ಕ ಮಾಡಿ

ಏಳು ಜನರ ಹಳ್ಳಿಯ ಕುಟುಂಬ. ನಾಲ್ಕು ಜನಕ್ಕೆ 500 ರೂಪಾಯಿ. ಉಳಿದ ಒಬ್ಬೊಬ್ಬರಿಗೆ 100 ರೂಪಾಯಿ. ಒಟ್ಟು ಎಷ್ಟು?

ಮಾತಾಡಿ

ನಿಮ್ಮ ಮನೆಗೆ ಯಾವ ವಿಮೆ ಇದೆ? ಅದರಲ್ಲಿ ನಿಮ್ಮ ಹೆಸರು ಇದೆಯೇ? ಮನೆಗೆ ಹೋಗಿ ಓದಿ ನೋಡಿ. ನಾಳೆ ತರಗತಿಯಲ್ಲಿ ಹೇಳಿ.