ಕಮಲಾಪುರ ಕ್ಷೇತ್ರ ಎಲ್ಲಿ ಹೋಯಿತು?

ನಿಮ್ಮ ಪತ್ರಗಳಲ್ಲಿ ಒಂದೇ ದೂರು ಮತ್ತೆ ಮತ್ತೆ ಬರುತ್ತಿದೆ. ಕಲಬುರಗಿ ಜಿಲ್ಲೆಯ ಕಮಲಾಪುರ ತಾಲೂಕಾಯಿತು, ತಹಸೀಲ್ದಾರರು ಬಂದು ಕೂತರು. ಆದರೆ ವಿಧಾನಸಭೆಯ ಪಟ್ಟಿಯಲ್ಲಿ ಕಮಲಾಪುರ ಅನ್ನುವ ಹೆಸರೇ ಇಲ್ಲ, ಇದ್ದದ್ದನ್ನು ಕಿತ್ತುಕೊಂಡವರು ಯಾರು ಅಂತ ಕೇಳುತ್ತೀರಿ.

ಇದ್ದದ್ದು ನಿಜ. 2004ರ ಚುನಾವಣೆಯವರೆಗೆ ಕಮಲಾಪುರ ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರ. 1994, 1999, 2004, ಮೂರು ಸಲವೂ ಅಲ್ಲಿ ಗೆದ್ದವರು ಬಿಜೆಪಿಯ ರೇವು ನಾಯಕ ಬೆಳಮಗಿ. 2008ರಲ್ಲೂ ಅವರೇ ಗೆದ್ದರು. ಆದರೆ ಆಗ ಕ್ಷೇತ್ರದ ಹೆಸರು ಗುಲ್ಬರ್ಗಾ ಗ್ರಾಮೀಣ ಅಂತ ಆಗಿತ್ತು. 2013ರಲ್ಲಿ ಕಾಂಗ್ರೆಸ್ಸಿನ ಜಿ. ರಾಮಕೃಷ್ಣ, 2018 ಮತ್ತು 2023ರಲ್ಲಿ ಬಿಜೆಪಿಯ ಬಸವರಾಜ ಮತ್ತಿಮಡು. ಬೆಳಮಗಿಯವರು ಆಮೇಲೆ ಒಮ್ಮೆ ಜೆಡಿಎಸ್‌ನಿಂದ, ಒಮ್ಮೆ ಕಾಂಗ್ರೆಸ್ಸಿನಿಂದ ನಿಂತರು. ನಮ್ಮ ಕಡೆ ಕಟ್ಟೆಯ ಮೇಲೆ ಕೂತವರು ಇದನ್ನೇ ಕ್ಷೇತ್ರದ ಇತಿಹಾಸ ಅನ್ನುತ್ತಾರೆ. ಇದು ಆಳಿದವರ ಪಟ್ಟಿ ಅಷ್ಟೆ. ಇತಿಹಾಸ ಇರುವುದು ಗೆರೆಯಲ್ಲಿ.

ಗೆರೆಗಳು ಎರಡು. ತಾಲೂಕಿನ ಗೆರೆ ಎಳೆಯುವುದು ರಾಜ್ಯ ಸರ್ಕಾರ. ಪಹಣಿಗೆ, ಜಾತಿ ಪ್ರಮಾಣಪತ್ರಕ್ಕೆ ನೀವು ಎಲ್ಲಿಗೆ ಹೋಗಬೇಕು ಅನ್ನುವುದನ್ನು ಅದು ಹೇಳುತ್ತದೆ. ಕಮಲಾಪುರ, ಶಹಾಬಾದ, ಕಾಳಗಿ, ಯಡ್ರಾಮಿ ತಾಲೂಕುಗಳು ಹುಟ್ಟಿದ್ದು ಹಾಗೆ, 2018ರ ಸುಮಾರಿಗೆ. ಕ್ಷೇತ್ರದ ಗೆರೆ ಎಳೆಯುವುದು ಕ್ಷೇತ್ರ ಪುನರ್‌ವಿಂಗಡಣಾ ಆಯೋಗ. ಮುಖ್ಯಮಂತ್ರಿ ಮನಸ್ಸು ಮಾಡಿದರೂ ಅದನ್ನು ಒಂದು ಗೇಣು ಸರಿಸುವಂತಿಲ್ಲ. ತಾಲೂಕಾದರೆ ಎಂಎಲ್‌ಎ ಸೀಟು ತಾನಾಗಿ ಬರುತ್ತದೆ ಅಂತ ಓದಿದವರೂ ಹೇಳುವುದನ್ನು ಕೇಳಿ ನನಗೆ ಸಾಕಾಗಿದೆ. ಬರುವುದಿಲ್ಲ.

ಈಗ ಒಂದು ಹೊಲ ಅಂದುಕೊಳ್ಳಿ. ಎಕರೆ ಹೆಚ್ಚಾಗುವುದಿಲ್ಲ, ಉಣ್ಣುವ ಬಾಯಿಗಳು ಹೆಚ್ಚುತ್ತವೆ. ಆಗ ಏನು ಮಾಡುತ್ತೀರಿ? ಬದು ಸರಿಸುತ್ತೀರಿ. ಕರ್ನಾಟಕದ ಒಟ್ಟು ಸ್ಥಾನ 224. 1971ರ ಜನಗಣತಿಯ ಲೆಕ್ಕಕ್ಕೆ ಕಟ್ಟಿಹಾಕಿದ ಸಂಖ್ಯೆ ಅದು, ಆಗ ಏರುವಂತಿರಲಿಲ್ಲ. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಆಯೋಗ 2001ರ ಜನಗಣತಿ ಹಿಡಿದು ಕೂತಾಗ ಕಲಬುರಗಿ ನಗರ ಬೆಳೆದು ನಿಂತಿತ್ತು. ಒಂದೇ ಇದ್ದ ನಗರದ ಕ್ಷೇತ್ರ ಉತ್ತರ, ದಕ್ಷಿಣ ಅಂತ ಎರಡಾಯಿತು. ಆ ಇನ್ನೊಂದು ಸೀಟು ಎಲ್ಲಿಂದ ಬರಬೇಕು? ಹಳ್ಳಿಗಳ ಕಡೆಯಿಂದಲೇ. ಕಮಲಾಪುರ, ಶಹಾಬಾದ ಎರಡೂ ಕ್ಷೇತ್ರಗಳು ಅಳಿದವು, ಗ್ರಾಮೀಣ ಅನ್ನುವ ಒಂದು ಹುಟ್ಟಿತು. ಮೂರು ಹೋದವು, ಮೂರು ಬಂದವು. ಯಾದಗಿರಿಯೂ ಸೇರಿದ್ದ ಹಳೆಯ ಜಿಲ್ಲೆಯಲ್ಲಿ ಮೊದಲೂ 13, ಆಮೇಲೂ 13. ಬೆರಳು ಮಡಿಸಿ ಎಣಿಸಿ ನೋಡಿ. ಸೀಟು ಕಳೆದಿಲ್ಲ, ಬದು ಸರಿದಿದೆ. ಹೀಗಾಗಿ ಕೆಂಪು ಬಾಳೆಯ ಕಮಲಾಪುರಕ್ಕೂ ಫರಸಿ ಕಲ್ಲಿನ ಶಹಾಬಾದಕ್ಕೂ ಇವತ್ತು ಒಬ್ಬರೇ ಶಾಸಕರು. ಒಂದು ನಗರದ ಆಚೆ, ಇನ್ನೊಂದು ಈಚೆ. ಅನುಕೂಲವೇ ಅಂತ ಕೇಳಿದರೆ, ಅಲ್ಲ ಅನ್ನುತ್ತೇನೆ.

ಕೋರ್ಟಿಗೆ ಹೋಗೋಣ ಅಂತ ಒಬ್ಬರು ಬರೆದಿದ್ದಾರೆ. ಆಯೋಗದ ಆದೇಶ ರಾಜ್ಯಪತ್ರದಲ್ಲಿ ಬಂದ ಮೇಲೆ ಅದಕ್ಕೆ ಕಾನೂನಿನ ಬಲ. ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವಂತಿಲ್ಲ ಅಂತ ಕಾಯ್ದೆಯಲ್ಲೇ ಇದೆ. 2014ರ ನವೆಂಬರ್ 1ರಂದು ಊರಿನ ಹೆಸರು ಗುಲ್ಬರ್ಗಾ ಹೋಗಿ ಕಲಬುರಗಿ ಆದರೂ ಕ್ಷೇತ್ರದ ಹೆಸರು ಆ ಆದೇಶದಲ್ಲಿದ್ದಂತೆ ಗುಲ್ಬರ್ಗಾ ಆಗಿಯೇ ಉಳಿದಿದೆ.

ಮೀಸಲಾತಿಯೂ ಶಾಶ್ವತ ಅಲ್ಲ. ಅದೇ 2008ರಲ್ಲಿ ಗುರುಮಠಕಲ್ ಸಾಮಾನ್ಯ ಕ್ಷೇತ್ರವಾಯಿತು, ಚಿತ್ತಾಪುರ ಮೀಸಲಾಯಿತು. ಗುರುಮಠಕಲ್‌ನಲ್ಲಿ ಎಂಟು ಸಲ ಗೆದ್ದಿದ್ದ ಮಲ್ಲಿಕಾರ್ಜುನ ಖರ್ಗೆಯವರು ಚಿತ್ತಾಪುರಕ್ಕೆ ಬಂದರು. ಇನ್ನು, ಮೀಸಲು ಕ್ಷೇತ್ರದಲ್ಲಿ ಬೇರೆಯವರ ಮತಕ್ಕೆ ಬೆಲೆ ಇಲ್ಲ ಅನ್ನುವ ಮಾತು ಶುದ್ಧ ತಪ್ಪು. ಮೀಸಲು ನಿಲ್ಲುವವರಿಗೆ, ಮತ ಹಾಕುವವರಿಗಲ್ಲ.

ಗೆರೆಯ ಮಾತಿಗೇ ಹೊತ್ತು ಹೋಯಿತು. ನಿಮ್ಮ ಕೈಯಲ್ಲಿ ಇರುವುದನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ನಾನು ಮಾಸ್ತರಿಕೆ ಮಾಡುತ್ತಿದ್ದಾಗ ಒಂದು ಚುನಾವಣೆಯಲ್ಲಿ ನಗರದ ಮತಗಟ್ಟೆಗೆ ಹಾಕಿದ್ದರು. ಹಳ್ಳಿ ಬಿಟ್ಟು ಮಗನ ಮನೆಗೆ ಬಂದಿದ್ದ ಮುದುಕಿಯೊಬ್ಬಳು ಬಿಸಿಲಲ್ಲಿ ಪಾಳಿ ನಿಂತು ಒಳಗೆ ಬಂದಳು. ಪಟ್ಟಿಯಲ್ಲಿ ಹೆಸರಿಲ್ಲ. "ಕಾರ್ಡ್ ಅದಲ್ರೀ ಮಾಸ್ತರ, ಮತ್ಯಾಕ ಇಲ್ಲಂತೀರಿ?" ಅಂದಳು. ಹೆಸರು ಊರಿನ ಪಟ್ಟಿಯಲ್ಲೇ ಉಳಿದಿತ್ತು, ಆಕೆ ಮತ ಹಾಕದೆ ತಿರುಗಿ ಹೋದಳು. ಕಾರ್ಡು ಗುರುತಿಗೆ ಮಾತ್ರ. ಪಟ್ಟಿಯಲ್ಲಿ ಹೆಸರಿದ್ದರೇ ಮತ. ಮನೆ ಬದಲಿಸಿದವರು ನಮೂನೆ 8 ತುಂಬಿ ನಿಮ್ಮ ಮತಗಟ್ಟೆಯ ಅಧಿಕಾರಿ (ಬಿಎಲ್‌ಓ) ಕೈಗೆ ಕೊಡಿ. ಹೊಸದಾಗಿ ಸೇರುವವರಿಗೆ ನಮೂನೆ 6. ಎಲ್ಲಿ ಹೆಸರಿದೆ ಅಂತ ತಿಳಿಯದಿದ್ದರೆ ಮತದಾರರ ಸಹಾಯವಾಣಿ 1950ಕ್ಕೆ ಫೋನ್ ಮಾಡಿ, ಚುನಾವಣೆ ಬರುವ ತನಕ ಕಾಯಬೇಡಿ.