ಪ್ರವಾಸಿಗಳ ಬರಹ: ಹೊಗಳಿಕೆಗೂ ತೆಗಳಿಕೆಗೂ ಒಂದೇ ಅಳತೆಗೋಲು
(ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣ)



ಆಸ್ಥಾನದ ಇತಿಹಾಸಕಾರರು ಅರಸರ ಯುದ್ಧಗಳನ್ನು ವಿವರವಾಗಿ ಬರೆದರು. ಉತ್ತು ಬಿತ್ತಿದವನ ಬದುಕಿಗೆ ಅಲ್ಲಿ ಸಿಕ್ಕ ಜಾಗ ಕಡಿಮೆ. ಆದ್ದರಿಂದಲೇ ಹಳ್ಳಿಯ ಚರಿತ್ರೆಗಾಗಿ ನಾವು ವಿದೇಶಿ ಪ್ರವಾಸಿಗಳ ಗ್ರಂಥಗಳನ್ನು ತೆರೆಯುತ್ತೇವೆ. ಊರಿನವರಿಗೆ ಮಾಮೂಲಾದ ನೇಗಿಲು, ಬಾವಿ, ಸಂತೆ ಹೊರಗಿನವನಿಗೆ ಹೊಸತು, ಅವನು ಬರೆದಿಡುತ್ತಾನೆ. ಆದರೆ ಅವನು ಕಂಡದ್ದು ಬೇರೆ, ಕಂಡದ್ದರಿಂದ ಮಾಡಿದ ತೀರ್ಮಾನ ಬೇರೆ.

ಫ್ರೆಂಚ್ ವೈದ್ಯ ಬರ್ನಿಯರ್ ಔರಂಗಜೇಬನ ಕಾಲದಲ್ಲಿ ಇಲ್ಲಿದ್ದ. ಮೊಗಲರ ರಾಜ್ಯದಲ್ಲಿ ಭೂಮಿಯೆಲ್ಲ ಬಾದಶಹನದು, ರೈತನಿಗೆ ಏನೂ ಇಲ್ಲ, ಅದಕ್ಕೇ ಹೊಲಗಳು ಬೀಳುಬಿದ್ದಿವೆ ಎಂದು ಬರೆದ. ಬರೆದದ್ದು ಯಾರಿಗೆ? ತನ್ನ ದೇಶದ ಮಂತ್ರಿ ಕೋಲ್ಬೆರ್‌ಗೆ. ಖಾಸಗಿ ಒಡೆತನ ಹೋದರೆ ದೇಶ ಹಾಳಾಗುತ್ತದೆ ಎಂದು ಎಚ್ಚರಿಸಲು. 1853ರಲ್ಲಿ ಕಾರ್ಲ್ ಮಾರ್ಕ್ಸ್ ಕೂಡ ಈ ಮಾತನ್ನು ನಂಬಿದರು. ಮುಂದೆ 1963ರಲ್ಲಿ ಇರ್ಫಾನ್ ಹಬೀಬ್ ಪಾರ್ಸಿ ದಾಖಲೆಗಳ ಆಧಾರದ ಮೇಲೆ ಬೇರೆಯೇ ಚಿತ್ರ ಕೊಟ್ಟರು. ರೈತನಿಗೆ ತಲೆಮಾರಿನಿಂದ ಬಂದ ಉಳುಮೆಯ ಹಕ್ಕಿತ್ತು. ಜಮೀನ್ದಾರಿ ಹಕ್ಕುಗಳ ಕ್ರಯವಿಕ್ರಯ ನಡೆಯುತ್ತಿತ್ತು. ರೈತನ ಮೇಲಿನ ಕಂದಾಯದ ಭಾರ ಮಾತ್ರ ನಿಜವಾಗಿಯೂ ಬಹಳವಿತ್ತು. ಬರ್ನಿಯರ್ ಕಂಡ ಕಷ್ಟ ಸುಳ್ಳಲ್ಲ, ಹೇಳಿದ ಕಾರಣ ನಿಲ್ಲಲಿಲ್ಲ.

ಇದನ್ನು ಕೇಳಿ ನಮಗೆ ಸಂತೋಷವಾಗಬಹುದು. ಆದರೆ ನಮ್ಮನ್ನು ಹೊಗಳಿದವರ ವಿಷಯದಲ್ಲೂ ನಾವು ಇಷ್ಟೇ ಎಚ್ಚರ ವಹಿಸುತ್ತೇವೆಯೇ? 14ನೇ ಶತಮಾನದಲ್ಲಿ ಹೊನ್ನಾವರಕ್ಕೆ ಬಂದ ಇಬ್ನ್ ಬತೂತಾ ಅಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳಿದ್ದವೆಂದು ಹೇಳಿದ್ದಾನೆ. ನಮ್ಮ ವೇದಿಕೆಗಳಲ್ಲಿ ಈ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. ಹೆಮ್ಮೆಯ ಮಾತೇ ಸರಿ. ಆದರೆ ಆ ಊರಿನವರಿಗೆ ಬೇಸಾಯದ ಭೂಮಿಯಿರಲಿಲ್ಲ, ಕಡಲ ವ್ಯಾಪಾರವೇ ಜೀವನ ಎಂದೂ ಅವನೇ ಹೇಳಿದ್ದಾನೆ. ಇಂತಹ ಶಾಲೆಗಳನ್ನು ಬೇರೆಲ್ಲೂ ಕಾಣಲಿಲ್ಲ ಎಂದೂ ಸೇರಿಸಿದ್ದಾನೆ. ಬಂದರಿನ ಈ ವಿಶೇಷವನ್ನು ಒಳನಾಡಿನ ಎಲ್ಲ ಹಳ್ಳಿಗಳಿಗೂ ಅನ್ವಯಿಸಿದರೆ, ನಾವೂ ಬರ್ನಿಯರ್‌ನ ದಾರಿಯನ್ನೇ ಹಿಡಿದಂತೆ.

ವಿದ್ಯಾರ್ಥಿಗಳೇ, ಯಾವ ಪ್ರವಾಸಕಥನ ಓದಿದರೂ ಮೂರು ಪ್ರಶ್ನೆ ಕೇಳಿ: ಇವನು ಎಲ್ಲಿ ನಿಂತು ನೋಡಿದ? ಯಾರಿಗಾಗಿ ಬರೆದ? ಊರಿನ ದಾಖಲೆ ಏನು ಹೇಳುತ್ತದೆ? ಮೂರನೆಯ ಪ್ರಶ್ನೆಗೆ ಉತ್ತರ ನಿಮ್ಮ ಅಜ್ಜನ ಪೆಟ್ಟಿಗೆಯಲ್ಲೇ ಇರಬಹುದು. ಹಳೆಯ ಕ್ರಯಪತ್ರ, ಇನಾಮಿನ ಕಾಗದ, ಮಸೀದಿಯ ಲೆಕ್ಕದ ಪುಸ್ತಕಗಳನ್ನು ಗೆದ್ದಲಿಗೆ ಬಿಡಬೇಡಿ, ರದ್ದಿಗೆ ಹಾಕಬೇಡಿ. ಅವನ್ನು ಓದುವಷ್ಟು ಪಾರ್ಸಿ, ಉರ್ದು, ಹಳೆಯ ಕನ್ನಡ ಬರಹ ಕಲಿಯಿರಿ. ನಮ್ಮ ಹಳ್ಳಿಯ ಕಥೆಯನ್ನು ದಾರಿಹೋಕನೊಬ್ಬನ ಮಾತಿಗೇ ಬಿಟ್ಟುಕೊಡುವುದು ಬೇಡ.