ಶವಾಸನ ಮಾಡಿ, ಮಾತ್ರೆ ಬಿಡಬೇಡಿ

ನಾನು ಕೊಳ್ಳೇಗಾಲದಲ್ಲಿ ಯೋಗ ಹೇಳಿಕೊಡೋನು. ವಾರಕ್ಕೆ ಎರಡು ದಿನ ಯಳಂದೂರಿಗೆ, ಒಂದು ದಿನ ಹನೂರಿಗೆ ಹೋಗ್ತೀನಿ. ಇವತ್ತು ಬಿಪಿ ವಿಚಾರ ಮಾತಾಡೋಣ. ಅದಕ್ಕೂ ಮೊದಲು ಒಂದು ಮಾತು ಒಪ್ಪಿಕೊಂಡುಬಿಡ್ತೀನಿ: ನಾನೂ ಬಿಪಿ ಮಾತ್ರೆ ನುಂಗ್ತೀನಿ. ಆರು ವರ್ಷದಿಂದ, ದಿನಾ ಬೆಳಿಗ್ಗೆ ಒಂದು. ಯೋಗದ ಮೇಷ್ಟ್ರಿಗೇ ಬಿಪಿ ಅಂದ್ರೆ ಜನ ನಗ್ತಾರೆ ಅಂತ ಇದನ್ನ ಬಹಳ ಕಾಲ ಮುಚ್ಚಿಟ್ಟಿದ್ದೆ.

ಆ ಮುಚ್ಚುಮರೆಯಿಂದ ಒಬ್ಬರಿಗೆ ನಷ್ಟವಾಯ್ತು. ರೇಷ್ಮೆ ಸೀರೆ ನೇಯೋ ಒಬ್ರು ನನ್ನ ತರಗತಿಗೆ ಬರ್ತಿದ್ರು, ಐವತ್ತೈದರ ಆಸುಪಾಸು. ಸೇರಿದಾಗ ಅವರ ಬಿಪಿ 160/100. ಡಾಕ್ಟ್ರು ಮಾತ್ರೆ ಕೊಟ್ಟಿದ್ರು, ನಾನು ಶವಾಸನ ಹೇಳಿಕೊಟ್ಟೆ. ಮೂರು ತಿಂಗಳಿಗೆ 128/82ಕ್ಕೆ ಇಳೀತು. “ಮೇಷ್ಟ್ರೇ, ಇನ್ನು ಮಾತ್ರೆ ಬುಟ್ಬುಡ್ಲಾ?” ಅಂತ ಕೇಳಿದ್ರು. ನಾನು ಹೂಂ ಅನ್ನಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ಸುಮ್ನೆ ನಕ್ಕೆ. ಅದನ್ನೇ ಅವರು ಒಪ್ಪಿಗೆ ಅಂದುಕೊಂಡ್ರು. ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ, ಮಗ್ಗದ ಮುಂದೆ ಕೂತಿದ್ದಾಗಲೇ ಬಲಗೈ ಸೋತುಹೋಯ್ತು, ಮಾತು ತೊದಲಿತು. ಜೀವ ಉಳೀತು. ಆ ಕೈ ಮಾತ್ರ ಇವತ್ತಿಗೂ ಮಗ್ಗದ ಕೆಲಸಕ್ಕೆ ಬರೋದಿಲ್ಲ.

ಬಿಪಿ ಇಳಿದಿದ್ದು ಮಾತ್ರೆ, ಶವಾಸನ ಎರಡೂ ಸೇರಿ. ಅಮ್ಲೋಡಿಪಿನ್‌ನಂಥ ಮಾತ್ರೆ ರಕ್ತನಾಳದ ಗೋಡೆಯ ಬಿಗಿಯನ್ನ ಸಡಿಲಿಸುತ್ತೆ. ನಿಲ್ಲಿಸಿದ್ರೆ ಕೆಲವು ದಿನಗಳಲ್ಲಿ ಒತ್ತಡ ಮತ್ತೆ ಏರುತ್ತೆ. ಏರಿದ್ದು ಎಷ್ಟೋ ಜನಕ್ಕೆ ಗೊತ್ತೇ ಆಗಲ್ಲ, ತಲೆನೋವೂ ಬರಲ್ಲ. ನಿಧಾನದ ಉಸಿರಾಟದಿಂದ ಎದೆಬಡಿತ ತಗ್ಗುತ್ತೆ, ಮನಸ್ಸಿನ ಗಾಬರಿ ಇಳಿಯುತ್ತೆ. ಅದು ಸುಳ್ಳಲ್ಲ. 1969ರಲ್ಲೇ ಮುಂಬೈನ ಡಾ. ಕೆ.ಕೆ. ದಾತೆ ಮತ್ತು ಸಂಗಡಿಗರು 47 ರೋಗಿಗಳಿಗೆ ಶವಾಸನ ಕಲಿಸಿ ನೋಡಿದ್ರು. ಕೆಲವರಿಗೆ ಮಾತ್ರೆಯ ಪ್ರಮಾಣ ಕಮ್ಮಿ ಮಾಡೋಕೆ ಆಯ್ತು. ಕಮ್ಮಿ ಮಾಡಿದ್ದು ವೈದ್ಯರು, ಅಳತೆ ನೋಡಿಕೊಂಡು. ರೋಗಿ ತಾನಾಗಿ ಬಿಟ್ಟಿದ್ದಲ್ಲ.

ಈಗ ನಾನು ಹೇಳಿಕೊಡೋದು ಇಷ್ಟು. ಚಾಪೆ ಮೇಲೆ ಅಂಗಾತ ಮಲಗಿ. ಕಾಲ್ಬೆರಳು ಐದು ಎಣಿಸೋವಷ್ಟು ಹೊತ್ತು ಬಿಗಿಮಾಡಿ, ಬಿಟ್ಟುಬಿಡಿ. ಹಾಗೇ ಮೀನಖಂಡ, ತೊಡೆ, ಮುಷ್ಟಿ, ಭುಜ, ಮುಖ. ಬಿಗಿ ಮಾಡುವಾಗ ಉಸಿರು ಕಟ್ಟಬೇಡಿ. ಆಮೇಲೆ ನಾಲ್ಕು ಎಣಿಸಿ ಉಸಿರು ಒಳಕ್ಕೆ, ಆರು ಎಣಿಸಿ ಹೊರಕ್ಕೆ. ಹತ್ತು ಹದಿನೈದು ನಿಮಿಷ ಸಾಕು. ಮಾತ್ರೆ ತಗೊಳ್ಳೋರು ಧಡಕ್ಕನೆ ಏಳಬೇಡಿ, ತಲೆ ಸುತ್ತಬಹುದು. ಪಕ್ಕಕ್ಕೆ ಹೊರಳಿ, ಸ್ವಲ್ಪ ಕೂತು, ಆಮೇಲೆ ಏಳಿ.

ಬಿಪಿ ನೋಡಿಸೋ ಮುಂಚೆ ಐದು ನಿಮಿಷ ಸುಮ್ಮನೆ ಕೂತಿರಿ. ಅದಕ್ಕೂ ಅರ್ಧ ಗಂಟೆ ಮೊದಲಿಂದ ಕಾಫಿ, ಬೀಡಿ ಬೇಡ. ನಮ್ಮ ಕಡೆ ಮುದ್ದೆಗೆ ಉಪ್ಸಾರು ಇಲ್ದೆ ಆಗಲ್ಲ, ಗೊತ್ತು. ಆದ್ರೂ ಉಪ್ಪು ಇಡೀ ದಿನಕ್ಕೆ 5 ಗ್ರಾಂ, ಅಂದ್ರೆ ಒಂದು ಟೀ ಚಮಚ ದಾಟಬಾರದು. ಹನೂರಿನ ಕಾಡಂಚಿನ ಊರಿನವರು ಬಸ್ಸು ಕಾದು ಆಸ್ಪತ್ರೆಗೆ ಬರಬೇಕು. ಮಾತ್ರೆ ಮುಗಿಯೋಕೆ ವಾರ ಮೊದಲೇ ಬನ್ನಿ. ಮುಖ ಸೊಟ್ಟಗಾದ್ರೆ, ಕೈ ಸೋತ್ರೆ, ಮಾತು ತೊದಲಿದ್ರೆ ತಡಮಾಡದೆ 108ಕ್ಕೆ ಫೋನ್ ಮಾಡಿ.

ಈಗ ಹೊಸಬರು ಸೇರಿದ ಮೊದಲ ದಿನವೇ ನನ್ನ ಮಾತ್ರೆ ಚೀಟನ್ನ ಜೇಬಿಂದ ತೆಗೆದು ತೋರಿಸ್ತೀನಿ. ಆ ನೇಕಾರರೂ ಮಗನ ಸ್ಕೂಟರಲ್ಲಿ ಮತ್ತೆ ಬರ್ತಿದ್ದಾರೆ. ಮೊನ್ನೆ ತರಗತಿ ಶುರುವಾಗೋ ಹೊತ್ತಿಗೆ ಅವರೇ ಎಲ್ಲರನ್ನೂ ಕೇಳಿದ್ರು: “ಮಾತ್ರೆ ಆಯ್ತೇನ್ರಪ್ಪಾ?” ಈಗ ನಮ್ಮ ತರಗತಿ ಆ ಪ್ರಶ್ನೆಯಿಂದಲೇ ಶುರು. ನಿಮ್ಮನ್ನೂ ಅದನ್ನೇ ಕೇಳ್ತೀನಿ. ಇವತ್ತಿನ ಮಾತ್ರೆ ಆಯ್ತಾ? ಹಾಗಾದ್ರೆ ಚಾಪೆ ಹಾಸಿ.